ಕಲಮಿನ ಬಾದಶಹ ಮತ್ತು ನಮ್ಮ ಮನೆಮಾತು

ಕಳೆದ ರಮಝಾನ್‌ಗೆ ಸ್ವಲ್ಪ ಮುಂಚೆ ನಾವು ಹೆಡತಲೆ ಕಡೆಯ ಒಂದು ಮನೆಗೆ ಹೋಗಿದ್ದೆವು. ಮನೆಗೆ ಸುಣ್ಣ ಬಳಿಯುತ್ತಿದ್ದರು. ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯೊಂದು ಜಗಲಿಯ ಮೇಲಿತ್ತು. ಮನೆಯ ಯಜಮಾನರು ಅದರೊಳಗಿಂದ ಹಸಿರು ಬಟ್ಟೆಯ ಗಂಟೊಂದನ್ನು ಎರಡೂ ಕೈಯಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡರು. "ನಮ್ಮ ದಾದಿಯದು. ಅರಬಿಯಲ್ಲಿದೆ, ದುಆಗಳೇ ಇರಬೇಕು. ಹುಳ ತಿಂದಿದೆ. ಮಣ್ಣಲ್ಲಿ ಹೂಳುವುದೋ, ಕಪಿಲೆಗೆ ಬಿಡುವುದೋ, ಇಮಾಮ್ ಸಾಹೇಬರನ್ನು ಕೇಳಬೇಕು ಅಂತಿದ್ದೀವಿ" ಎಂದರು.

ಗಂಟು ಬಿಚ್ಚಿ ನೋಡಿದೆವು. ಅದು ಅರಬಿ ಅಲ್ಲ. ಅಕ್ಷರ ಉರ್ದುವಿನದು, ಮಾತು ನಾವು ಮನೆಯಲ್ಲಿ ದಿನಾ ಆಡುವ ದಖ್ಖನಿ. ಎಷ್ಟು ಸೇರು ರಾಗಿ ಯಾರಿಗೆ ಕೊಟ್ಟದ್ದು, ಯಾರು ವಾಪಸು ಕೊಟ್ಟರು, ಮಗುವಿಗೆ ಕೆಮ್ಮಾದರೆ ಯಾವ ಕಷಾಯ ಎಂಬ ಲೆಕ್ಕ. ಕೊನೆಯ ಹಾಳೆಯಲ್ಲಿ ಮಕ್ಕಳ ಹೆಸರು, ಹುಟ್ಟಿದ ವಾರ. ಒಂದೊಂದಾಗಿ ಓದಿ ಹೇಳಿದೆವು. ಏಳು ಹೆಸರಿದ್ದವು. ಯಜಮಾನರು ಬೆರಳು ಮಡಿಚಿ ಎಣಿಸಿ, "ನಮ್ಮ ಅಬ್ಬಾ ಸೇರಿ ಆರೇ ಜನ ಅಲ್ವಾ?" ಎಂದರು. ಏಳನೆಯದು ಒಂದು ಹೆಣ್ಣು ಮಗುವಿನ ಹೆಸರು. ಅದರ ಮುಂದೆ ಇನ್ನಾಲಿಲ್ಲಾಹಿ ಎಂದು ಬರೆದು, ಒಂದು ಶುಕ್ರವಾರವನ್ನು ಗುರುತು ಮಾಡಿದ್ದರು. ಆ ಮನೆಯಲ್ಲಿ ಯಾರಿಗೂ ಗೊತ್ತಿರದ ಒಬ್ಬ ಅತ್ತೆ ಇದ್ದರು. ಅವರ ಹೆಸರು ಇಷ್ಟು ವರ್ಷ ಅಟ್ಟದ ಮೇಲೆ, ಅದಬಿನಿಂದ ಸುತ್ತಿಟ್ಟ ಬಟ್ಟೆಯೊಳಗೆ ಓದುವವರಿಲ್ಲದೆ ಕುಳಿತಿತ್ತು.

ಅದಬಿನಲ್ಲಿ ಆ ಮನೆಯವರು ಏನೂ ಕಡಿಮೆ ಮಾಡಿರಲಿಲ್ಲ. ಆದರೂ ಆ ಪುಸ್ತಕ ಇನ್ನೊಂದು ವಾರದಲ್ಲಿ ಹೊಳೆಯ ಪಾಲಾಗುತ್ತಿತ್ತು. ವಾಪಸು ಬರುವಾಗ ನಮಗೆ ನಮ್ಮ ಕರ್ನಾಟಕದಲ್ಲೇ ನಾನೂರು ವರ್ಷದ ಹಿಂದೆ ನಡೆದ ಒಂದು ಸಂಗತಿ ನೆನಪಾಯಿತು. ಇರಾನಿನಿಂದ ಬಂದ ಒಬ್ಬ ದೊಡ್ಡ ಬರಹಗಾರನನ್ನು ಬಿಜಾಪುರದ ಸುಲ್ತಾನ ತನ್ನ ಸಿಂಹಾಸನದ ಮೇಲೆ ಕೂರಿಸಿದ ಸಂಗತಿ ಅದು. ಅದನ್ನು ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ.

ಕಲಮಿನ ಮೇಲೆ ಆಣೆ

ನಮ್ಮ ದೀನ್‌ನಲ್ಲಿ ಬರಹಕ್ಕಿರುವ ಸ್ಥಾನವನ್ನು ಖುತ್‌ಬಾಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಹಿರಾ ಗುಹೆಯಲ್ಲಿ ಮೊದಲು ಅವತೀರ್ಣವಾದ ಆಯತುಗಳಲ್ಲಿಯೇ ಓದಿನ ಆಜ್ಞೆಯಿದೆ, ಕಲಮಿನ ಮೂಲಕ ಅಲ್ಲಾಹನು ಕಲಿಸಿದನೆಂಬ ಮಾತಿದೆ. ಪವಿತ್ರ ಕುರ್‌ಆನಿನ 68ನೆಯ ಸೂರಃದ ಹೆಸರೇ 'ಅಲ್ ಕಲಮ್'. ಅದು ಲೇಖನಿಯ ಮೇಲಿನ ಆಣೆಯಿಂದ ಆರಂಭವಾಗುತ್ತದೆ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರ ಪೈಕಿ ಓದು ಬರಹ ಬಲ್ಲವರು ಮದೀನಾದ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರು ಎಂಬುದು ಸೀರತ್ ಓದಿದವರಿಗೆಲ್ಲ ಗೊತ್ತು. ವಹೀ ಬರೆದುಕೊಳ್ಳುತ್ತಿದ್ದ ಝೈದ್ ಬಿನ್ ಸಾಬಿತ್(ರ) ಅವರಿಗೆ ಪ್ರವಾದಿ(ಸ)ರವರು ಯಹೂದಿಗಳ ಲಿಪಿಯನ್ನೂ ಕಲಿಯುವಂತೆ ಹೇಳಿದರು. ಅವರು ಕೆಲವೇ ದಿನಗಳಲ್ಲಿ ಕಲಿತರು. ಬೇರೆಯವರ ಲಿಪಿ ಕಲಿಯುವುದೂ ಸುನ್ನತಿನ ದಾರಿಯಲ್ಲೇ ಇದೆ ಎಂಬುದನ್ನು ನೆನಪಿಡಿ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಕುರ್‌ಆನನ್ನು ಚೆನ್ನಾಗಿ ಬರೆಯಬೇಕೆಂಬ ಆಸೆಯಿಂದಲೇ ಮುಸ್ಲಿಮರಲ್ಲಿ ಸುಂದರ ಬರಹ ಒಂದು ದೊಡ್ಡ ಕಲೆಯಾಗಿ ಬೆಳೆಯಿತು. ಕೂಫಿ, ನಸ್ಖ್, ಸುಲುಸ್ ಹೀಗೆ ಒಂದೊಂದು ಬಗೆಯ ಖತ್ ಹುಟ್ಟಿತು. ಇರಾನಿನಲ್ಲಿ ಹದಿನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ನಸ್ಖ್ ಮತ್ತು ತಾಲೀಖ್ ಎರಡನ್ನೂ ಬೆರೆಸಿದ ಹೊಸ ಬರಹ ರೂಪುಗೊಂಡಿತು. ಅದೇ ನಸ್ತಲೀಖ್. ಅದಕ್ಕೆ ಮೊದಲು ಕಟ್ಟು ಹಾಕಿದವರು ಮೀರ್ ಅಲಿ ತಬ್ರೀಝಿ ಎಂದು ಪರಂಪರೆ ಹೇಳುತ್ತದೆ. ಹಾರುವ ಹಂಸದ ರೆಕ್ಕೆಯನ್ನು ನೋಡು ಎಂದು ಅವರಿಗೆ ಕನಸಿನಲ್ಲಿ ಹೇಳಿಕೆಯಾಯಿತಂತೆ. ಕನಸಿನ ಮಾತು ಹೇಗೇ ಇರಲಿ, ನಸ್ತಲೀಖ್ ನೋಡಿದವರಿಗೆ ಆ ಹೋಲಿಕೆ ಒಪ್ಪುತ್ತದೆ. ಅಕ್ಷರಗಳು ಸಾಲಿನ ಮೇಲಿಂದ ಕೆಳಕ್ಕೆ ಓರೆಯಾಗಿ ಇಳಿದು, ಅಗಲವಾಗಿ ಚಾಚಿ, ತುದಿಯಲ್ಲಿ ಎದ್ದು ನಿಲ್ಲುತ್ತವೆ. ನಮ್ಮ ಮನೆಗಳ ಮದುವೆ ಕಾಗದ, ಹಳೆಯ ಉರ್ದು ಪತ್ರಿಕೆ, ಗೋರಿಗಳ ಮೇಲಿನ ಕಲ್ಲು ಎಲ್ಲದರಲ್ಲೂ ಇರುವುದು ಇದೇ ಬರಹ.

ಈ ಕೆಲಸ ಎಷ್ಟು ಕಷ್ಟದ್ದೆಂದು ಸ್ವಲ್ಪ ಹೇಳಬೇಕು. ಜೊಂಡಿನ ಕಡ್ಡಿಯನ್ನು ಒಣಗಿಸಿ, ತುದಿಯನ್ನು ಓರೆಯಾಗಿ ಕೊಯ್ದು, ನಡುವೆ ಸೀಳಿದರೆ ಕಲಮು. ದೀಪದ ಮಸಿಗೆ ಗೋಂದು ಸೇರಿಸಿ ಗಂಟೆಗಟ್ಟಲೆ ಅರೆದರೆ ಶಾಯಿ. ಕಾಗದಕ್ಕೆ ಗಂಜಿ ಹಚ್ಚಿ ಒಣಗಿಸಿ, ನುಣುಪಾದ ಕಲ್ಲಿನಿಂದ ಕನ್ನಡಿಯ ಹಾಗೆ ಉಜ್ಜಬೇಕು. ಇಲ್ಲದಿದ್ದರೆ ಕಲಮು ತಡೆಯುತ್ತದೆ, ಶಾಯಿ ಹೀರಿಕೊಳ್ಳುತ್ತದೆ. ಅಳತೆಗೆ ಮೊಳ ಗೇಣು ಏನೂ ಇಲ್ಲ. ಅದೇ ಕಲಮಿನಿಂದ ಒತ್ತಿದ ಒಂದು ಚುಕ್ಕಿಯೇ ಅಳತೆ. ನಸ್ತಲೀಖ್‌ನಲ್ಲಿ ಅಲಿಫ್ ಇಂತಿಷ್ಟೇ ಚುಕ್ಕಿ ಎತ್ತರ, ಬೇ ಇಂತಿಷ್ಟೇ ಚುಕ್ಕಿ ಉದ್ದ ಎಂಬ ಲೆಕ್ಕವಿದೆ. ಶಾಗಿರ್ದ್ ಒಂದೇ ಅಕ್ಷರವನ್ನು ಉಸ್ತಾದರ ಎದುರು ತಿಂಗಳುಗಟ್ಟಲೆ ತಿದ್ದುತ್ತಾನೆ. ಕಾಗದ ಉಳಿಸಲು ಅದೇ ಹಾಳೆಯನ್ನು ತಿರುಗಿಸಿ ತಿರುಗಿಸಿ ಬರೆದು, ಕೊನೆಗೆ ಹಾಳೆ ಪೂರ್ತಿ ಕಪ್ಪಾಗುತ್ತದೆ. ಇದಕ್ಕೆ ಮಶ್ಖ್ ಎನ್ನುತ್ತಾರೆ. ಹೀಗೆ ವರ್ಷಗಟ್ಟಲೆ ದುಡಿದು ದೊಡ್ಡವರಾದ ಮೇಲೂ ಬರಹದ ಕೆಳಗೆ ತಮ್ಮ ಹೆಸರಿನ ಜೊತೆ 'ಫಕೀರ' ಅಥವಾ 'ಪಾಪಿ ಗುಲಾಮ' ಎಂದು ಬರೆದುಕೊಳ್ಳುವುದು ಖುಶ್‌ನವೀಸರ ರೂಢಿಯಾಗಿತ್ತು.

ಇರಾನಿನಿಂದ ಬಿಜಾಪುರಕ್ಕೆ

ಮೀರ್ ಖಲೀಲುಲ್ಲಾಹ್ ಇಂಥ ಪರಂಪರೆಯಲ್ಲಿ ಪಳಗಿದ ಇರಾನಿನ ಖುಶ್‌ನವೀಸ್. ಅವರಿಗೆ 'ಬುತ್‌ಶಿಕನ್' ಎಂಬ ಉಪನಾಮವಿತ್ತು, ಅಂದರೆ ವಿಗ್ರಹ ಒಡೆದವನು. ಖಲೀಲುಲ್ಲಾಹ್ ಎಂಬುದು ಹಝ್ರತ್ ಇಬ್ರಾಹೀಮ್(ಅ) ಅವರ ಬಿರುದು. ಅವರು ತಮ್ಮ ಜನರ ವಿಗ್ರಹಗಳನ್ನು ಒಡೆದ ಕಥೆ ಕುರ್‌ಆನಿನಲ್ಲಿದೆ. ಹಾಗಾಗಿ ಆ ಹೆಸರಿಗೆ ಈ ಉಪನಾಮ ಚೆನ್ನಾಗಿ ಹೊಂದುತ್ತದೆ. ಅವರಿಗೆ ಆಶ್ರಯ ಕೊಟ್ಟ ಸುಲ್ತಾನನ ಹೆಸರೂ ಇಬ್ರಾಹೀಮ್ ಎಂಬುದು ಇನ್ನೂ ಸೊಗಸು.

ಆ ಕಾಲದಲ್ಲಿ ಇರಾನಿನಿಂದ ಹಡಗು ಹತ್ತಿ ದಖ್ಖನಿಗೆ ಬರುವವರು ಬಹಳ ಮಂದಿ. ಅವರಿಗಿಂತ ನೂರೈವತ್ತು ವರ್ಷ ಮುಂಚೆ ಗೀಲಾನಿನಿಂದ ಬಂದ ಮಹಮೂದ್ ಗವಾನ್ ಬೀದರಿನಲ್ಲಿ ಬಹಮನಿ ವಜೀರನಾಗಿ, 1472ರಲ್ಲಿ ದೊಡ್ಡ ಮದ್ರಸಾ ಕಟ್ಟಿಸಿದ್ದರು. ಅದರ ಹೊರಗೋಡೆಗೆ ಬಣ್ಣದ ಹೆಂಚುಗಳ ಮೇಲೆ ಕುರ್‌ಆನ್ ಆಯತುಗಳನ್ನು ಬರೆಸಿದ್ದರು. ಅರ್ಧ ಬಿದ್ದುಹೋದ ಆ ಗೋಡೆಯ ಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಈಗಲೂ ಕಾಣುತ್ತವೆ. ಹೀಗೆ ಕವಿಗಳು, ವೈದ್ಯರು, ಲೆಕ್ಕಿಗರು, ಖುಶ್‌ನವೀಸರು ದಖ್ಖನಿಗೆ ಬರುತ್ತಲೇ ಇದ್ದರು. ಬಿಜಾಪುರದಲ್ಲಿ ಮಲಿಕ್ ಖುಮ್ಮಿ, ಝುಹೂರಿ ಮುಂತಾದ ಫಾರ್ಸಿ ಕವಿಗಳು ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನದಲ್ಲಿದ್ದರು.

ಈ ಇಬ್ರಾಹೀಮ್ 1580ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ರಾಜ್ಯದ ಭಾರ ಚಾಂದ್ ಬೀಬಿಯವರ ಮೇಲಿತ್ತು. ಮುಂದೆ 1627ರ ತನಕ ಆಳಿದ. ಪ್ರಜೆಗಳು ಅವನನ್ನು ಜಗದ್ಗುರು ಎಂದು ಕರೆದರು. ಸಂಗೀತವೆಂದರೆ ಪ್ರಾಣ, ತಾನೂ ಕಲಮು ಹಿಡಿದು ಬರೆಯುತ್ತಿದ್ದ. 1604ರಲ್ಲಿ ಅಕ್ಬರನ ಕಡೆಯಿಂದ ಬಂದ ಅಸದ್ ಬೇಗ್ ಎಂಬ ದೂತ ಬರೆದಿರುವ ಪ್ರಕಾರ ಈ ಸುಲ್ತಾನನಿಗೆ ಮರಾಠಿ ಸರಾಗ, ಫಾರ್ಸಿ ಮಾತ್ರ ತಡವರಿಸುತ್ತಿತ್ತು. ಫಾರ್ಸಿ ಕವಿಗಳಿಗೆ ಆಶ್ರಯ ಕೊಟ್ಟವನೇ ಸ್ವತಃ ಫಾರ್ಸಿಯಲ್ಲಿ ತಡವರಿಸುತ್ತಿದ್ದ. ಅದಕ್ಕಾಗಿ ಅವನು ನಾಚಿಕೊಂಡದ್ದು ಕಾಣುವುದಿಲ್ಲ. ಅವನು ತನ್ನ ಪುಸ್ತಕವನ್ನು ದಖ್ಖನಿಯಲ್ಲಿ ಬರೆದ.

ಆ ಪುಸ್ತಕವೇ 'ಕಿತಾಬೆ ನೌರಸ್'. ಬೇರೆ ಬೇರೆ ರಾಗಗಳಿಗೆ ಹೊಂದಿಸಿದ ಹಾಡುಗಳ ಸಂಗ್ರಹ. ನೌರಸ್ ಎಂದರೆ ನವರಸ. ಫಾರ್ಸಿಯಲ್ಲಿ ಆ ಪದಕ್ಕೆ ಹೊಸತಾಗಿ ಮಾಗಿದ್ದು ಎಂಬ ಅರ್ಥವೂ ಬರುತ್ತದೆ. 1599ರಲ್ಲಿ ಬಿಜಾಪುರದ ಪಕ್ಕದಲ್ಲಿ ಕಟ್ಟಲು ತೊಡಗಿದ ಹೊಸ ಪಟ್ಟಣಕ್ಕೂ ಅವನು ನೌರಸ್‌ಪುರ ಎಂದೇ ಹೆಸರಿಟ್ಟ. ಪುಸ್ತಕಕ್ಕೆ ಫಾರ್ಸಿಯಲ್ಲಿ ಮುನ್ನುಡಿ ಬರೆದವರು ಝುಹೂರಿ. ಹಾಡುಗಳಲ್ಲಿ ಗುಲ್ಬರ್ಗಾದ ಹಝ್ರತ್ ಖ್ವಾಜಾ ಬಂದೇ ನವಾಝ್ ಅವರ ಸ್ಮರಣೆಯಿದೆ, ಸರಸ್ವತಿ ಮತ್ತು ಗಣಪತಿಯ ಸ್ತುತಿಯೂ ಇದೆ. ಇಂಥ ಸ್ತುತಿ ದೀನಿನ ದೃಷ್ಟಿಯಿಂದ ಸರಿಯೇ ಎಂದು ಓದುಗರು ಕೇಳಬಹುದು. ಅದರ ತೀರ್ಮಾನ ಉಲಮಾಗಳದು. ಚರಿತ್ರೆ ಹೇಳುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅಮಾನತ್, ಆದ್ದರಿಂದ ಹೇಳಿದ್ದೇವೆ.

ಖಲೀಲುಲ್ಲಾಹ್ ಈ ಆಸ್ಥಾನದಲ್ಲಿ ಬರೀ ಬರೆಯುವ ಕೆಲಸಕ್ಕೆ ಸೀಮಿತರಾಗಿರಲಿಲ್ಲ. ಮೊಗಲರ ಒತ್ತಡ ಹೆಚ್ಚಾಗುತ್ತಿದ್ದ ಕಾಲ ಅದು. ಅಹ್ಮದ್‌ನಗರದ ಕೋಟೆ 1600ರಲ್ಲೇ ಅವರ ಕೈಸೇರಿತ್ತು. ಇರಾನಿನ ಷಾ ಅಬ್ಬಾಸನು ಜಹಾಂಗೀರನಿಗೆ ಒಂದು ಮಾತು ಹೇಳಲಿ ಎಂದು ದಖ್ಖನಿನ ಸುಲ್ತಾನರು ದೂತರನ್ನು ಕಳಿಸುತ್ತಿದ್ದರು. ಬಿಜಾಪುರದ ಪರವಾಗಿ ಆ ಕೆಲಸಕ್ಕೆ ಹೋದವರು ನಮ್ಮ ಖುಶ್‌ನವೀಸರು. ಹುಟ್ಟಿದ ನಾಡಿಗೆ ಬೇರೆ ನಾಡಿನ ಮುದ್ರೆ ಹಿಡಿದು ಹೋದರು, ಅಲ್ಲೇ ಉಳಿಯದೆ ತಿರುಗಿ ಬಂದರು.

ಸಿಂಹಾಸನದ ಮೇಲೆ ಒಬ್ಬ ಕಾತಿಬ್

ಹಿಜರಿ 1027, ಅಂದರೆ ಕ್ರಿ.ಶ. 1618ರಲ್ಲಿ ಖಲೀಲುಲ್ಲಾಹ್ ಅವರು ಕಿತಾಬೆ ನೌರಸ್‌ನ ಒಂದು ಪ್ರತಿಯನ್ನು ನಸ್ತಲೀಖ್‌ನಲ್ಲಿ ಬರೆದು ಮುಗಿಸಿ ಸುಲ್ತಾನನಿಗೆ ಒಪ್ಪಿಸಿದರು. ಸುಲ್ತಾನ ಪುಟ ತಿರುವಿ ನೋಡಿದ. ತನ್ನ ಹಾಡುಗಳು ಇಷ್ಟು ಚೆಂದವಾಗಿ ಕಾಣಬಲ್ಲವು ಎಂದು ಅವನು ಎಣಿಸಿರಲಿಲ್ಲವೇನೋ. ಅವರಿಗೆ 'ಪಾದಶಾಹೆ ಕಲಮ್', ಕಲಮಿನ ಬಾದಶಹ, ಎಂಬ ಬಿರುದು ಕೊಟ್ಟು, ತನ್ನ ಸಿಂಹಾಸನದ ಮೇಲೆಯೇ ಕೂರಿಸಿ ಗೌರವಿಸಿದ ಎಂದು ಬಿಜಾಪುರದ ಚರಿತ್ರೆ ಬರೆದವರು ಹೇಳುತ್ತಾರೆ.

ಆ ಸಂದರ್ಭಕ್ಕೆಂದು ಒಂದು ತಾರೀಖು ಕಟ್ಟಿದರು. ತಾರೀಖು ಎಂದರೆ ಇಲ್ಲಿ ದಿನಾಂಕವಲ್ಲ. ಅರಬಿ ಫಾರ್ಸಿ ಅಕ್ಷರಗಳಿಗೆ ಒಂದೊಂದಕ್ಕೆ ಒಂದೊಂದು ಸಂಖ್ಯೆ ಉಂಟು. 'ಕಲಮ್' ಎಂಬ ಪದವನ್ನೇ ತೆಗೆದುಕೊಳ್ಳಿ. ಖಾಫ್‌ಗೆ 100, ಲಾಮ್‌ಗೆ 30, ಮೀಮ್‌ಗೆ 40, ಒಟ್ಟು 170. ಹೀಗೆ ಒಂದು ವಾಕ್ಯದ ಎಲ್ಲ ಅಕ್ಷರಗಳನ್ನು ಕೂಡಿದರೆ ಘಟನೆ ನಡೆದ ವರ್ಷ ಬರಬೇಕು, ವಾಕ್ಯಕ್ಕೆ ಅರ್ಥವೂ ಇರಬೇಕು. ಖಲೀಲುಲ್ಲಾಹ್ ಕಲಮಿನ ಬಾದಶಹರಾದರು ಎಂದು ಹೇಳುವ ಆ ಸಣ್ಣ ವಾಕ್ಯದ ಅಕ್ಷರಗಳನ್ನು ನಾವು ಕೂತು ಕೂಡಿ ನೋಡಿದೆವು. ಸರಿಯಾಗಿ 1027 ಬರುತ್ತದೆ. ಮಕ್ಕಳ ಜೊತೆ ಕೂತು ನಿಮ್ಮ ಹೆಸರಿನ ಅಕ್ಷರಗಳನ್ನೂ ಹೀಗೆ ಕೂಡಿ ನೋಡಬಹುದು.

ಆ ವರ್ಷಗಳಲ್ಲೇ ಇರಾನಿನಲ್ಲಿ ಏನಾಯಿತು ನೋಡಿ. ನಸ್ತಲೀಖ್ ಬರಹದ ಅತಿ ದೊಡ್ಡ ಉಸ್ತಾದರೆಂದು ಇಂದಿಗೂ ಎಲ್ಲರೂ ಒಪ್ಪುವವರು ಖಝ್ವೀನ್‌ನ ಮೀರ್ ಇಮಾದ್. ಅವರು ಷಾ ಅಬ್ಬಾಸನ ಆಸ್ಥಾನದಲ್ಲಿದ್ದರು. ಅಲ್ಲಿನ ಪೈಪೋಟಿ, ಹೊಟ್ಟೆಕಿಚ್ಚು, ಅವರ ಅಖೀದಾದ ಮೇಲೆ ಎದ್ದ ಸಂಶಯ, ಇದರ ಮೇಲೆ ಷಾನ ಸಿಟ್ಟು. 1615ರಲ್ಲಿ ಅಸ್ಫಹಾನಿನಲ್ಲಿ ಅವರ ಕೊಲೆಯಾಯಿತು. ಸುದ್ದಿ ಕೇಳಿದ ಜಹಾಂಗೀರ್, ಜೀವಂತವಾಗಿ ನನಗೆ ಕೊಟ್ಟಿದ್ದರೆ ಅವರ ತೂಕದಷ್ಟು ಮುತ್ತು ತೂಗಿ ಕೊಡುತ್ತಿದ್ದೆ ಎಂದು ಹಲುಬಿದನೆಂದು ಹೇಳುವುದುಂಟು. ಅವರ ಸಂಬಂಧಿ ಅಬ್ದುರ್ರಶೀದ್ ದೈಲಮಿ ಹಿಂದೂಸ್ತಾನಕ್ಕೆ ಬಂದು, ಷಾಹಜಹಾನನ ಮಗ ದಾರಾ ಶಿಕೋಹನಿಗೆ ಬರಹ ಕಲಿಸಿದರು.

ಒಂದೇ ಕಲೆ, ಒಂದೇ ಕಾಲ. ಅಸ್ಫಹಾನಿನಲ್ಲಿ ಉಸ್ತಾದನ ರಕ್ತ ಬೀದಿಗೆ ಬಿದ್ದ ಮೂರು ವರ್ಷಕ್ಕೆ ಬಿಜಾಪುರದಲ್ಲಿ ಇನ್ನೊಬ್ಬ ಉಸ್ತಾದನಿಗೆ ಸಿಂಹಾಸನ ಸಿಕ್ಕಿತು. ಈ ಗೌರವ ಸಂದದ್ದು ನಮ್ಮ ಕನ್ನಡ ನೆಲದಲ್ಲಿ ಎಂಬುದು ನಮಗೆ ಸಂತೋಷದ ಮಾತು.

ಅದಕ್ಕಿಂತ ದೊಡ್ಡ ಮಾತು ಒಂದಿದೆ. ಖಲೀಲುಲ್ಲಾಹ್ ಅವರಿಗೆ ಆ ಬಿರುದು ಬಂದದ್ದು ಫಾರ್ಸಿಯ ಯಾವುದೋ ದೊಡ್ಡ ಕಾವ್ಯವನ್ನು ಬರೆದದ್ದಕ್ಕಲ್ಲ, ದಖ್ಖನಿಯ ಹಾಡುಗಳನ್ನು ಬರೆದದ್ದಕ್ಕೆ. ಇವತ್ತು ನಾವು ಮನೆಯಲ್ಲಿ ಅಮ್ಮಿಯ ಹತ್ತಿರ ಆಡುವ, ಹೊರಗೆ ಬಂದರೆ "ಅದೇನು ಸರಿಯಾದ ಉರ್ದು ಅಲ್ಲ ಬಿಡಿ" ಎಂದು ನಾವೇ ಕೀಳಾಗಿ ಕಾಣುವ ಆ ದಖ್ಖನಿಯ ಹಳೆಯ ರೂಪ ಅದು. ಸಿನಿಮಾಗಳಲ್ಲಿ ನಗಿಸಲು ಬಳಸುವ ಮಾತು. ಇರಾನಿನ ಒಬ್ಬ ಮೀರ್, ಫಾರ್ಸಿಯನ್ನು ತಾಯಿಯ ಹಾಲಿನ ಜೊತೆ ಕುಡಿದವನು, ಈ ಮಾತಿಗೆ ತನ್ನ ಕೈಯ ಅತ್ಯುತ್ತಮ ಬರಹವನ್ನು ಕೊಟ್ಟ. ಈ ಮಾತು ಇಷ್ಟು ಒಳ್ಳೆಯ ಕಾಗದಕ್ಕೆ ತಕ್ಕದ್ದಲ್ಲ ಎಂದು ಅವನಿಗೆ ಅನಿಸಲಿಲ್ಲ. ನಮಗೆ ಯಾಕೆ ಅನಿಸಬೇಕು?

ಕಲ್ಲಿನಲ್ಲಿ ಉಳಿದದ್ದು, ಕಾಗದದಲ್ಲಿ ಹೋದದ್ದು

ಬಿಜಾಪುರಕ್ಕೆ, ಈಗಿನ ವಿಜಯಪುರಕ್ಕೆ, ಹೋದವರು ಗೋಳಗುಮ್ಮಟ ನೋಡಿ ಬರುತ್ತಾರೆ. ಪಶ್ಚಿಮಕ್ಕೆ ಕೋಟೆಯ ಹೊರಗಿರುವ ಇಬ್ರಾಹೀಮ್ ರೌಝಾವನ್ನೂ ತಪ್ಪದೆ ನೋಡಬೇಕು. ಈ ಸುಲ್ತಾನ, ಅವನ ಬೇಗಂ ತಾಜ್ ಸುಲ್ತಾನಾ ಮತ್ತು ಮನೆಯವರು ಮಲಗಿರುವುದು ಅಲ್ಲೇ. ಕೆಲಸ ನೋಡಿಕೊಂಡವನು ಮಲಿಕ್ ಸಂದಲ್. ಬಾಗಿಲ ಬಳಿಯ ಬರಹದಲ್ಲಿ ಕಟ್ಟಡದ ಖರ್ಚನ್ನೂ ಹೇಳಿದ್ದಾರೆ, ಒಂದೂವರೆ ಲಕ್ಷ ಹೊನ್ನಿನ ಮೇಲೆ 900 ಹೊನ್ನು. ಗೋಡೆಗಳ ಮೇಲೆ ಅಕ್ಷರವೇ ಅಕ್ಷರ. ಕಿಟಕಿಗಳಲ್ಲಿ ಕಲ್ಲನ್ನು ಅಕ್ಷರದ ಆಕಾರ ಉಳಿಯುವ ಹಾಗೆ ಕೊರೆದು ಜಾಲಂಧ್ರ ಮಾಡಿದ್ದಾರೆ, ಬೆಳಕು ಆಯತುಗಳ ನಡುವಿನಿಂದ ಒಳಗೆ ಬೀಳುತ್ತದೆ. ಈ ಬರಹದ ಖುಶ್‌ನವೀಸ್ ನಖಿಯುದ್ದೀನ್ ಹುಸೈನಿ ಎಂಬವರು. ಇಡೀ ಕುರ್‌ಆನನ್ನೇ ಆ ಗೋಡೆಗಳ ಮೇಲೆ ಕೆತ್ತಿದ್ದಾರೆ ಎಂದು ಊರಲ್ಲಿ ಹೇಳುತ್ತಾರೆ. ಅದು ನಿಜವಲ್ಲ, ಇರುವುದು ಆಯ್ದ ಆಯತುಗಳು ಮತ್ತು ಫಾರ್ಸಿ ಸಾಲುಗಳು. ಆದರೆ ಆ ಮಾತು ಯಾಕೆ ಹುಟ್ಟಿತು ಎಂದು ಯೋಚಿಸಿ. ಓದಬಲ್ಲವರು ಕಡಿಮೆಯಾದಾಗ ಬರಹವೆಲ್ಲ ಒಂದೇ ತರಹ ಕಾಣುತ್ತದೆ. ಹೆಡತಲೆ ಕಡೆಯ ಮನೆಯಲ್ಲಿ ರಾಗಿಯ ಲೆಕ್ಕ ದುಆ ಆಗಿದ್ದು ಹೀಗೆಯೇ.

ಕಲ್ಲು ನಿಂತಿತು, ಕಾಗದ ಚದುರಿತು. ನೌರಸ್‌ಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಮಾಡಿತು. 1686ರಲ್ಲಿ ಔರಂಗಜೇಬನಿಗೆ ಬಿಜಾಪುರ ಶರಣಾಯಿತು. ಆದಿಲ್ ಶಾಹಿ ಪುಸ್ತಕಗಳಲ್ಲಿ ಆಸಾರ್ ಮಹಲಿನಲ್ಲಿ ಉಳಿದಿದ್ದವನ್ನು 1853ರಲ್ಲಿ ಇಂಗ್ಲಿಷರು ಲಂಡನ್ನಿಗೆ ಸಾಗಿಸಿದರು. ಖಲೀಲುಲ್ಲಾಹ್ ಅವರ ಕೈಯ ನೌರಸ್ ಹಾಳೆಗಳು ಈಗ ವಸ್ತುಸಂಗ್ರಹಾಲಯಗಳ ಗಾಜಿನೊಳಗಿವೆ. ಆ ಹಾಡುಗಳು ಮುದ್ರಣದಲ್ಲಿ ನಮಗೆ ಸಿಗುವಂತಾದದ್ದು ನಝೀರ್ ಅಹ್ಮದ್ ಅವರು ಹಸ್ತಪ್ರತಿಗಳನ್ನು ಓದಿ, ಹೋಲಿಸಿ 1956ರಲ್ಲಿ ಪ್ರಕಟಿಸಿದ್ದರಿಂದ.

ನಮ್ಮ ಮೈಸೂರು ಸೀಮೆಗೂ ಆ ಪುಸ್ತಕಗಳ ಒಂದು ಎಳೆ ಬಂದಿತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಗ್ರಂಥಭಂಡಾರದಲ್ಲಿ ಸುಮಾರು 2000 ಪುಸ್ತಕಗಳಿದ್ದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವು ಇಂಗ್ಲಿಷರ ವಶವಾದವು. ಅವುಗಳ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ ಎಂಬವರು 1809ರಲ್ಲಿ ಅಚ್ಚು ಹಾಕಿಸಿದರು. ಸವಣೂರು, ಕಡಪ ಮೊದಲಾದ ಕಡೆ ಗೆದ್ದಾಗ ಬಂದ ಪುಸ್ತಕಗಳು ಅದರಲ್ಲಿ ಬಹಳ, ಕೆಲವು ಒಂದು ಕಾಲಕ್ಕೆ ಬಿಜಾಪುರ ಮತ್ತು ಗೋಲ್ಕೊಂಡದ ಸುಲ್ತಾನರದ್ದಾಗಿದ್ದವು ಎಂದು ಅವರು ಬರೆದಿದ್ದಾರೆ. ಅಂದರೆ ಕಲಮಿನ ಬಾದಶಹ ಓಡಾಡಿದ ಆಸ್ಥಾನದ ಪುಸ್ತಕಗಳು ಕಾವೇರಿಯ ದಡದಲ್ಲಿ, ನಂಜನಗೂಡಿನಿಂದ ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದಾದ ದೂರದಲ್ಲಿ, ಒಂದಷ್ಟು ಕಾಲ ಇದ್ದವು. ಗೆದ್ದವರು ತಂದರು, ಮತ್ತೆ ಗೆದ್ದವರು ಒಯ್ದರು.

ಶ್ರೀರಂಗಪಟ್ಟಣದ ಗುಂಬಜ್‌ಗೆ, ಮಸ್ಜಿದೆ ಆಲಾಗೆ ನಾವೆಲ್ಲ ಹೋಗಿದ್ದೇವೆ. ಅಲ್ಲಿಯೂ ಫಾರ್ಸಿ ಬರಹಗಳಿವೆ, ಬಿಜಾಪುರದ ಹಾಗೆ ಅಕ್ಷರ ಕೂಡಿ ವರ್ಷ ತೆಗೆಯುವ ತಾರೀಖುಗಳೂ ಇವೆ. ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಓದುವವರು ನಮ್ಮಲ್ಲಿ ಎಷ್ಟು ಜನ?

ಫಾರ್ಸಿ ನಮಗೆ ಪೂರ್ತಿ ದೂರವಾಗಿಲ್ಲ ಎಂಬುದೂ ನಿಜ. ಹೆಡತಲೆಯ ಯಾವ ಜಾತಿಯ ಯಾವ ರೈತನನ್ನಾದರೂ ಕೇಳಿ. ಅವನು ತಾಲೂಕು ಕಚೇರಿಗೆ ಜಮೀನಿನ ತಕರಾರಿಗೆ ಅರ್ಜಿ ಕೊಡುತ್ತಾನೆ, ವಕೀಲರನ್ನು ಕಾಣುತ್ತಾನೆ, ಕಾಗದಕ್ಕೆ ಶಾಯಿಯ ಹೆಬ್ಬೆಟ್ಟು ಒತ್ತುತ್ತಾನೆ. ತಾಲೂಕು, ಜಮೀನು, ತಕರಾರು, ಅರ್ಜಿ, ವಕೀಲ, ಕಾಗದ, ಶಾಯಿ ಇವೆಲ್ಲ ಅರಬಿ ಫಾರ್ಸಿಯ ದಾರಿಯಲ್ಲಿ ಕನ್ನಡಕ್ಕೆ ಬಂದು ಕನ್ನಡವೇ ಆಗಿಹೋದವು. ಕಾನೂನಿನ 'ಕಲಂ' ಕೂಡ ಆ ಹಳೆಯ ಕಲಮೇ. ಅದೇ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಸ್ಥಾನವಿದೆ. ನಂಜನಗೂಡು, ತಿ. ನರಸೀಪುರ ತಾಲೂಕುಗಳ ಕಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ನೂರು ವರ್ಷಕ್ಕೂ ಹಿಂದೆ ಹುಡುಕಿ ಬರೆಸಿ ಅಚ್ಚು ಹಾಕಿಸಿದರು. ಆ ಕಲ್ಲುಗಳನ್ನು ಯಾರೋ ಕುಳಿತು ಓದಿದ್ದರಿಂದ ಈ ಸೀಮೆಯ ಚರಿತ್ರೆ ಉಳಿಯಿತು. ನಮ್ಮ ಮನೆಗಳ ಪೆಟ್ಟಿಗೆಗಳನ್ನು ಯಾರು ಓದಬೇಕು?

ನಾವು ಮಾಡಬಹುದಾದದ್ದು

ಕೈಬರಹದ ಕಾಲ ಮತ್ತೆ ಬರುವುದಿಲ್ಲ. 1927ರಲ್ಲಿ ಚೆನ್ನೈಯಲ್ಲಿ ಶುರುವಾದ 'ದಿ ಮುಸಲ್ಮಾನ್' ಎಂಬ ಉರ್ದು ದಿನಪತ್ರಿಕೆ ದಶಕಗಳ ಕಾಲ ಕಾತಿಬರ ಕೈಬರಹದಲ್ಲೇ ಹೊರಬಂದು ಹೆಸರಾಯಿತು. ಉಳಿದ ಕಡೆ 1980ರ ದಶಕದಿಂದ ನಸ್ತಲೀಖ್ ಕಂಪ್ಯೂಟರಿಗೆ ಬಂತು, ಕಾತಿಬರು ಕೆಲಸ ಬಿಟ್ಟರು. ಅದಕ್ಕೆ ಕಂಪ್ಯೂಟರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾರೆ, ಈ ಪತ್ರಿಕೆಯನ್ನೂ ಕನ್ನಡದಲ್ಲೇ ಓದುತ್ತಾರೆ. ಅದು ಒಳ್ಳೆಯದೇ. ಝೈದ್ ಬಿನ್ ಸಾಬಿತ್(ರ) ಅವರ ಮಾತನ್ನು ಇದಕ್ಕಾಗಿಯೇ ಆಗ ಹೇಳಿದ್ದು. ಒಂದು ಲಿಪಿ ಕಲಿಯಲು ಇನ್ನೊಂದನ್ನು ಮರೆಯಬೇಕಾಗಿಲ್ಲ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಮನೆಯಲ್ಲಿ ಹಳೆಯ ಕೈಬರಹದ ಕಾಗದ, ಬಯಾಝ್, ನಿಕಾಹ್‌ನಾಮೆ, ಲೆಕ್ಕದ ಪುಸ್ತಕ ಇದ್ದರೆ ಓದಿಸದೆ ಹೂಳಬೇಡಿ, ಹೊಳೆಗೆ ಬಿಡಬೇಡಿ. ಆಯತುಗಳಿರುವ ಹಾಳೆಯ ಅದಬು ಬೇರೆ, ಅದನ್ನು ಇಮಾಮರನ್ನು ಕೇಳಿ ಮಾಡಿ. ಆದರೆ ಯಾವುದರಲ್ಲಿ ಏನಿದೆ ಎಂದು ಮೊದಲು ತಿಳಿಯಬೇಕು. ಉರ್ದು ಓದಬಲ್ಲ ಒಬ್ಬ ಹಿರಿಯರಾದರೂ ಪ್ರತಿ ಜಮಾಅತಿನಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆದು ಕೂರಿಸಿ, ಚಹಾ ಕೊಟ್ಟು, ಓದಿಸಿ. ಅವರು ಓದುವಾಗ ಮನೆಯ ಮಕ್ಕಳು ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ, ದಖ್ಖನಿ ಮಾತು ಇದ್ದ ಹಾಗೆಯೇ ಇರಲಿ, ತಿದ್ದುವುದು ಬೇಡ. ಫೋನಿನಲ್ಲಿ ಒಂದೊಂದು ಪುಟದ ಚಿತ್ರ ತೆಗೆದಿಡಿ. ಹಾಳೆಗಳಿಗೆ ಅಂಟು ಟೇಪು ಹಚ್ಚಬೇಡಿ, ಪ್ಲಾಸ್ಟಿಕ್ಕಿಗೆ ಒತ್ತಿಸಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಡಿ. ಮಸೀದಿಯ ಮದ್ರಸಾದಲ್ಲಿ ಅರಬಿ ಅಕ್ಷರ ಕಲಿತ ಮಗುವಿಗೆ ಉರ್ದು ಓದಲು ಇನ್ನು ಕೆಲವೇ ಅಕ್ಷರಗಳು ಹೆಚ್ಚು ಬೇಕು. ಬೇಸಗೆ ರಜೆಯಲ್ಲಿ ಅಷ್ಟು ಕಲಿಸುವುದು ಕಷ್ಟವಲ್ಲ.

ಆ ದಾದಿ ಯಾವ ಉಸ್ತಾದರ ಬಳಿಯೂ ಮಶ್ಖ್ ಮಾಡಿದವರಲ್ಲ. ಅವರ ಅಲಿಫ್ ಸೊಟ್ಟಗಿದೆ, ಸಾಲು ಏರಿಳಿಯುತ್ತದೆ. ಕಲಮಿನ ಬಾದಶಹ ಬಂಗಾರ ಹಚ್ಚಿದ ಕಾಗದದ ಮೇಲೆ ಬರೆದ ಮಾತನ್ನೇ ಅವರು ಅಂಗಡಿಯ ಲೆಕ್ಕದ ಪುಸ್ತಕದ ಮೇಲೆ ಬರೆದರು. ಒಬ್ಬರು ಸುಲ್ತಾನನ ಹಾಡನ್ನು ಉಳಿಸಿದರು, ಇನ್ನೊಬ್ಬರು ಹಾಲು ಬಿಡುವ ಮುಂಚೆಯೇ ತೀರಿಕೊಂಡ ಮಗಳ ಹೆಸರನ್ನು ಉಳಿಸಿದರು.

ಆ ಮನೆಯವರು ಪುಸ್ತಕವನ್ನು ಕಪಿಲೆಗೆ ಬಿಡಲಿಲ್ಲ. ಮನೆಯ ಹೈಸ್ಕೂಲು ಹುಡುಗಿ ಈಗ ಭಾನುವಾರ ಭಾನುವಾರ ಪಕ್ಕದ ಬೀದಿಯ ಒಬ್ಬ ಮುದುಕರ ಹತ್ತಿರ ಕೂತು ಅದನ್ನು ಓದಿಸಿಕೊಂಡು ಕನ್ನಡದಲ್ಲಿ ಬರೆಯುತ್ತಿದ್ದಾಳೆ. ಬಕ್ರೀದಿನ ಮುಂಚಿನ ಜುಮಾ ದಿನ ಯಜಮಾನರು ಸಿಕ್ಕಿದ್ದರು. ಖಬರಸ್ತಾನದಲ್ಲಿ ಮನೆಯವರಿಗೆ ದುಆ ಮಾಡುವಾಗ ಈಗ ಏಳನೆಯ ಹೆಸರನ್ನೂ ಸೇರಿಸಿ ಹೇಳುತ್ತೇವೆ ಎಂದರು. ಅಲ್ಲಾಹನು ಆ ಮಗುವನ್ನೂ, ಬರೆದಿಟ್ಟ ತಾಯಿಯನ್ನೂ ತನ್ನ ರಹಮತಿನಲ್ಲಿಡಲಿ. ಆಮೀನ್.